ಅಪ್ಪ ತೀರಿಕೊಂಡರು, ಟ್ರ್ಯಾಕ್ಟರ್ ಮತ್ತು ಬೈಕ್ ಇನ್ನೂ ಅವರ ಹೆಸರಿನಲ್ಲೇ ಇವೆ. ಏನು ಮಾಡಬೇಕು?

ಜೇವರ್ಗಿ ಹುಡುಗ
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಟ್ರ್ಯಾಕ್ಟರ್, ಅದರ ಟ್ರೈಲರ್, ಒಂದು ಬೈಕ್ ಇವೆ. ಎಲ್ಲವೂ ಕೆಎ 32. ಟ್ರ್ಯಾಕ್ಟರ್ ಮೇಲೆ ಇನ್ನೂ ಸಾಲ ಇದೆ. ಮನೆಯಲ್ಲಿ ಅಮ್ಮ, ಅಜ್ಜಿ, ನಾನು ಇದ್ದೇವೆ. ತಮ್ಮ ಪುಣೆಯಲ್ಲಿ ಕೆಲಸ ಮಾಡುತ್ತಾನೆ, ಅಕ್ಕನನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದೇವೆ.

ತೊಗರಿ ರಾಶಿ ಶುರುವಾಗುವ ಹೊತ್ತು. ಟ್ರ್ಯಾಕ್ಟರ್ ನಿಲ್ಲಿಸಿ ಕೂರುವ ಹಾಗಿಲ್ಲ. ಚಿಕ್ಕಪ್ಪ "ಯಾರೂ ಕೇಳಲ್ಲ, ಸುಮ್ನೆ ಓಡಿಸು" ಅಂತಾರೆ. ಬೈಕ್ ಮಾರೋಣ ಅಂತ ಒಬ್ಬ ಏಜೆಂಟ್‌ನನ್ನು ಕೇಳಿದರೆ, ಫಾರ್ಮ್ 29 ಮತ್ತು 30ಕ್ಕೆ ಅಪ್ಪನ ಸಹಿಯನ್ನು ನೀವೇ ಹಾಕಿ ಹಳೇ ತಾರೀಖು ಬರೆದು ಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ. ನನಗೆ ಮನಸ್ಸು ಒಪ್ಪಲಿಲ್ಲ. ಸರಿಯಾದ ದಾರಿ ಯಾವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುರಪುರದವ
ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ. ಆ ಏಜೆಂಟ್ ಹತ್ತಿರ ಮತ್ತೆ ಹೋಗಬೇಡಿ. ಸತ್ತವರ ಸಹಿ ಹಾಕಿದರೆ ಅದು ಫೋರ್ಜರಿ, ಬೇರೆ ಹೆಸರೇ ಇಲ್ಲ.

ಅರ್ಜಿ ಬರೆಯುವವ
ಮೊದಲು ಒಂದು ಮಾತು ಹೇಳಿ. ಅಪ್ಪ ತೀರಿಕೊಂಡು 30 ದಿನ ಆಯಿತಾ, ಇಲ್ಲವಾ?

ಜೇವರ್ಗಿ ಹುಡುಗ
ಇನ್ನೂ ಕೆಲವು ದಿನ ಉಳಿದಿವೆ. ಯಾಕೆ?

ಅರ್ಜಿ ಬರೆಯುವವ
ಹಾಗಾದರೆ ಬೇರೆ ಎಲ್ಲ ಬಿಟ್ಟು ಇದನ್ನು ಮಾಡಿ. ನಾನು ಕಲಬುರಗಿಯಲ್ಲಿ ವಾಹನದ ಅರ್ಜಿಗಳನ್ನು ಬರೆದುಕೊಡುವ ಕೆಲಸ ಮಾಡುತ್ತೇನೆ. ನಿಮ್ಮಂಥವರು ವಾರಕ್ಕೊಬ್ಬರಾದರೂ ಬರುತ್ತಾರೆ. ಬಹಳ ಜನ ತಡವಾಗಿಯೇ ಬರುತ್ತಾರೆ.

ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರಲ್ಲಿ 56ನೇ ನಿಯಮ ಇರುವುದೇ ಇದಕ್ಕೆ. ಮಾಲೀಕ ತೀರಿಕೊಂಡ ಮೇಲೆ ವಾಹನ ಯಾರ ಕೈಗೆ ಬರುತ್ತದೋ ಅವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. "ಮಾಲೀಕರು ಇಂಥ ದಿನ ತೀರಿಕೊಂಡಿದ್ದಾರೆ, ವಾಹನವನ್ನು ನಾನು ಬಳಸುತ್ತೇನೆ" ಅಂತ ಬರೆದುಕೊಟ್ಟರೆ ಸಾಕು. ಹಾಗೆ ತಿಳಿಸಿದವರು, ಸಾವಿನ ದಿನದಿಂದ 3 ತಿಂಗಳು ವಾಹನವನ್ನು ತಮ್ಮದೇ ಹೆಸರಿಗೆ ಆದಂತೆ ಓಡಿಸಬಹುದು. ನಿಮ್ಮ ರಾಶಿ ಕೆಲಸಕ್ಕೆ ಬೇಕಾಗಿರುವುದು ಇದೇ ಅಲ್ವಾ? ಆ 3 ತಿಂಗಳೊಳಗೆ ಫಾರ್ಮ್ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಏಜೆಂಟ್ ಹೇಳಿದ 29 ಮತ್ತು 30 ಮಾರಾಟದ ಫಾರ್ಮ್‌ಗಳು. ಅದರಲ್ಲಿ ಮಾರುವವನು ಬದುಕಿರಬೇಕು.

ಬಿಳಿ ಹಾಳೆಯಲ್ಲೇ ಬರೆಯಿರಿ. ಮೂರೂ ವಾಹನದ ನಂಬರ್ ಹಾಕಿ, ಮರಣ ಪ್ರಮಾಣಪತ್ರದ ಪ್ರತಿ ಜೊತೆಗಿಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಕಚೇರಿಯಲ್ಲಿ ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಫಾರ್ಮ್ 31ರ ಜೊತೆಗೆ ಮೂಲ ಆರ್‌ಸಿ, ಚಾಲ್ತಿ ವಿಮೆ, ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್, ನಿಮ್ಮ ವಿಳಾಸದ ದಾಖಲೆ, ಹೊಗೆ ತಪಾಸಣೆ ಪತ್ರ, ಚಾಸಿ ನಂಬರ್‌ನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ವಂಶವೃಕ್ಷಕ್ಕೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ತಡ ಆಗುವುದು ಅಲ್ಲೇ.

ಶಹಾಬಾದ್ ಫರಸಿ
ಇಷ್ಟೆಲ್ಲ ಯಾಕ್ರಿ? ನಮ್ಮೂರಲ್ಲಿ ಅರ್ಧ ಟ್ರ್ಯಾಕ್ಟರ್‌ಗಳು ತೀರಿಹೋದವರ ಹೆಸರಿನಲ್ಲೇ ಓಡುತ್ತಿವೆ. ಯಾರನ್ನೂ ಹಿಡಿದಿದ್ದು ನಾನು ನೋಡಿಲ್ಲ.

ಪಾಲಿಸಿ ಓದಿ
ಹಿಡಿಯುವುದಿಲ್ಲ, ನಿಜ. ಟ್ರೈಲರ್ ಯಾರಿಗಾದರೂ ತಾಗುವ ತನಕ ಯಾರೂ ಹಿಡಿಯುವುದಿಲ್ಲ.

ನಾನು ವಿಮೆ ಕೆಲಸದಲ್ಲಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ವಾಹನ ವಿಮೆಯಲ್ಲಿ ಒಂದು ಷರತ್ತು ಇರುತ್ತದೆ, ಪಾಲಿಸಿ ಹಾಳೆ ತಿರುವಿ ನೋಡಿ. ಪಾಲಿಸಿದಾರ ತೀರಿಕೊಂಡರೆ ಪಾಲಿಸಿ ತಕ್ಷಣ ರದ್ದಾಗುವುದಿಲ್ಲ. ಸಾವಿನ ದಿನದಿಂದ 3 ತಿಂಗಳು, ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅಷ್ಟರಲ್ಲಿ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಬೇಕು ಇಲ್ಲವೇ ಹೊಸ ಪಾಲಿಸಿ ತಗೋಬೇಕು. ಅದನ್ನು ಬಿಟ್ಟು ವರ್ಷಾನುಗಟ್ಟಲೆ ತೀರಿಹೋದವರ ಹೆಸರಿನಲ್ಲೇ ಕಂತು ಕಟ್ಟುತ್ತಾ ಹೋದರೆ, ಅಪಘಾತ ಆದ ದಿನ ಕಂಪನಿಗೆ ತಕರಾರು ತೆಗೆಯಲು ನೀವೇ ಬಾಗಿಲು ತೆರೆದುಕೊಟ್ಟ ಹಾಗೆ. ಆಮೇಲೆ ಪರಿಹಾರದ ದಾವೆಯಲ್ಲಿ ಹೊಲ ಮನೆ ಎಲ್ಲ ಮಾತಿಗೆ ಬರುತ್ತದೆ.

ಇನ್ನೊಂದು. ಬೈಕ್ ವಿಮೆಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಇದ್ದರೆ ಕೇಳಿ ಪಡೆಯಿರಿ. ಮಾರಿದರೆ ಅದು ವಾಹನದ ಜೊತೆ ಹೋಗುವುದಿಲ್ಲ. ಆದರೆ ಮಾಲೀಕ ತೀರಿಕೊಂಡು ಹೆಂಡತಿ, ಮಕ್ಕಳು, ತಂದೆ ತಾಯಿಗೆ ವಾಹನ ಬಂದಾಗ ಬೋನಸ್ ಉಳಿಯುತ್ತದೆ.

ಸುರಪುರದವ
ಇದಕ್ಕೆ ನಾನೂ ಒಂದು ಸೇರಿಸುತ್ತೇನೆ. ಮಾಲೀಕ ತನ್ನದೇ ಗಾಡಿ ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡಿದ್ದರೆ, ಮಾಲೀಕ ಚಾಲಕನ ಅಪಘಾತ ವಿಮೆ ಅಂತ 15 ಲಕ್ಷ ಇರುತ್ತದೆ. ಕಂತಿನ ಜೊತೆ ಅದನ್ನೂ ಕಟ್ಟಿರಬೇಕು, ಲೈಸೆನ್ಸ್ ಚಾಲ್ತಿ ಇರಬೇಕು. ನಮ್ಮ ಓಣಿಯಲ್ಲಿ ಒಂದು ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಬೈಕ್ ಗುಜರಿಗೆ ಹಾಕುವಾಗ ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಪಾಲಿಸಿ ಸಿಕ್ಕಿತು. ಮಗಳು ಕೂತು ಓದಿದ್ದಕ್ಕೆ ಆ ತಾಯಿಗೆ ದುಡ್ಡು ಬಂತು.

ಜೇವರ್ಗಿ ಹುಡುಗ
ನಮ್ಮದು ಹೃದಯಾಘಾತ, ಆದ್ದರಿಂದ ಅದು ಅನ್ವಯಿಸಲ್ಲ. ಆದರೂ ಒಳ್ಳೆಯ ಮಾಹಿತಿ. ಪತ್ರ ಇವತ್ತೇ ಬರೆಯುತ್ತೇನೆ. ಅಕ್ಕನ ಮದುವೆ ಆಗಿದೆಯಲ್ಲ, ಅವಳ ಸಹಿ ಬೇಡ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ಹೌದಾ?

ವಕೀಲರ ಕಟ್ಟೆ
ಇಲ್ಲ. ಚಿಕ್ಕಪ್ಪ ಹೇಳಿದ್ದು ತಪ್ಪು. ಮದುವೆ ಆದರೂ ಮಗಳು ಮಗಳೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಮ್ಮ ಭಾಗದ ಲಿಂಗಾಯತರಿಗೆ, ಬೌದ್ಧರಿಗೆ, ಜೈನರಿಗೂ ಅನ್ವಯಿಸುತ್ತದೆ. ನಿಮ್ಮ ಅಪ್ಪ ಸ್ವಂತ ದುಡ್ಡಿನಲ್ಲಿ ತಗೊಂಡಿದ್ದ ವಾಹನ, ಉಯಿಲು ಬರೆದಿಲ್ಲ ಅಂತಾದರೆ ಅಮ್ಮ, ನೀವು, ತಮ್ಮ, ಅಕ್ಕ, ಅಜ್ಜಿ ಐವರಿಗೂ ಸಮ ಪಾಲು. ಅಜ್ಜಿ ಅಂದರೆ ಅಪ್ಪನ ತಾಯಿ ಅಂತ ತಿಳಿದು ಹೇಳುತ್ತಿದ್ದೇನೆ. ತಾಯಿ ಮೊದಲ ವರ್ಗದ ವಾರಸುದಾರಳು. ತಂದೆ ಅಲ್ಲ, ಅವರು ಎರಡನೇ ವರ್ಗಕ್ಕೆ ಬರುತ್ತಾರೆ. ಇದನ್ನು ಹೇಳಿದಾಗೆಲ್ಲ ಜನ ನಂಬುವುದಿಲ್ಲ.

ಆದ್ದರಿಂದ ವಂಶವೃಕ್ಷದಲ್ಲಿ ಅಜ್ಜಿಯ ಹೆಸರು, ಅಕ್ಕನ ಹೆಸರು ಬಿಡಬೇಡಿ. ಇಬ್ಬರನ್ನು ಬಿಟ್ಟು ಕಾಗದ ಮಾಡಿಸಿದರೆ ಇವತ್ತು ಸುಲಭ ಆಗಬಹುದು. ನಾಳೆ ಹೊಲದ ಪಾಲು ಮಾಡುವಾಗ ಅದೇ ವಂಶವೃಕ್ಷ ಹೊರಗೆ ಬರುತ್ತದೆ, ಆಗ ಸುಳ್ಳು ದಾಖಲೆ ಕೊಟ್ಟವರು ನೀವೇ ಆಗುತ್ತೀರಿ. ಅಕ್ಕನಿಗೆ ಒಂದು ಫೋನ್ ಮಾಡಿ, ಸೊಲ್ಲಾಪುರದಿಂದ ನೋಟರಿ ಮುಂದೆ ಸಹಿ ಮಾಡಿದ ಅಫಿಡವಿಟ್ ಕಳಿಸಲಿ. ಬೆಳಿಗ್ಗೆ ಗಾಡಿ ಹತ್ತಿದರೆ ಮಧ್ಯಾಹ್ನಕ್ಕೆ ಇಲ್ಲಿ ಬಂದೂ ಹೋಗಬಹುದು.

ಶಹಾಬಾದ್ ಫರಸಿ
ಈ ಗೋಳಿಗೇ ಅಲ್ವಾ ನಾಮಿನಿ ಇರೋದು? ಆರ್‌ಸಿಯಲ್ಲಿ ನಾಮಿನಿ ಇದ್ದರೆ ಗಾಡಿ ಅವನದೇ. ಅಕ್ಕ ತಂಗಿ ಯಾರ ಸಹಿಯೂ ಬೇಡ.

ವಕೀಲರ ಕಟ್ಟೆ
ಅರ್ಧ ಸರಿ. 2021ರಲ್ಲಿ ನಿಯಮ ತಿದ್ದುಪಡಿ ಆಗಿ ಆರ್‌ಸಿಯಲ್ಲಿ ನಾಮಿನಿ ಹಾಕುವ ಅವಕಾಶ ಬಂತು. ನೋಂದಣಿ ಮಾಡಿಸುವಾಗಲೇ ಹಾಕಬಹುದು, ಆಮೇಲೆ ಪರಿವಾಹನ್ ಪೋರ್ಟಲ್‌ನಲ್ಲೂ ಸೇರಿಸಬಹುದು. ಮಾಲೀಕ ತೀರಿಕೊಂಡರೆ ನಾಮಿನಿ ಮರಣ ಪ್ರಮಾಣಪತ್ರ ಹಾಕಿ ತನ್ನ ಹೆಸರಿಗೆ ಆರ್‌ಸಿ ಕೇಳಬಹುದು. ಆರ್‌ಟಿಒ ಮಟ್ಟಿಗೆ ಕೆಲಸ ಬೇಗ ಆಗುತ್ತದೆ.

ಆದರೆ ಪಾಲಿನ ಹಕ್ಕು ಬೇರೆ ಪ್ರಶ್ನೆ. ವಿಮೆ ಹಣದ ನಾಮಿನಿ ಆ ಹಣದ ಒಡೆಯ ಅಲ್ಲ ಅಂತ ಸುಪ್ರೀಂ ಕೋರ್ಟ್ 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಹೇಳಿತು. ಕಂಪನಿ ಷೇರುಗಳ ನಾಮಿನಿ ಬಗ್ಗೆಯೂ 2023ರ ಡಿಸೆಂಬರ್‌ನಲ್ಲಿ ಅದೇ ಮಾತು ಬಂತು. ವಾಹನವನ್ನೂ ನಾನು ಅದೇ ದಾರಿಯಲ್ಲಿ ನೋಡುತ್ತೇನೆ. ನಾಮಿನಿ ಹೆಸರಿಗೆ ಆರ್‌ಸಿ ಆಗಲಿ, ಉಳಿದವರ ಪಾಲು ಅದರಿಂದ ಸಾಯುವುದಿಲ್ಲ. ಗಾಡಿ ಇವನಿಗೇ ಹೋಗಬೇಕು ಅಂತ ಖಚಿತವಾಗಿ ಇದ್ದರೆ ಉಯಿಲು ಬರೆಯಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯ ಇಲ್ಲ, ಮಾಡಿಸಿದರೆ ಒಳ್ಳೆಯದು.

ಶಹಾಬಾದ್ ಫರಸಿ
ಸರಿ ವಕೀಲರೇ, ಅದು ಒಪ್ಪಿದೆ. ಆದರೂ ಮೂರು ಸಾವಿರದ ಹಳೇ ಸೈಕಲ್ ಮೋಟರ್‌ಗೆ ಐದು ಅಫಿಡವಿಟ್ ಅಂದರೆ ಬಡವರಿಗೆ ಕಷ್ಟ. ಅದನ್ನೂ ಸ್ವಲ್ಪ ಯೋಚನೆ ಮಾಡಿ.

ಅರ್ಜಿ ಬರೆಯುವವ
ಐದು ಬೇಡ. ಒಂದೇ ಅಫಿಡವಿಟ್‌ನಲ್ಲಿ ಎಲ್ಲರೂ ಸಹಿ ಮಾಡಬಹುದು. ದೂರ ಇರುವವರದು ಮಾತ್ರ ಬೇರೆ.

ರೋಜಾ ಓಣಿ
ನಮ್ಮ ಮುಸ್ಲಿಂ ಮನೆಗಳ ಬಗ್ಗೆಯೂ ಹೇಳುತ್ತೇನೆ, ಯಾಕಂದರೆ ಇಲ್ಲಿ ಲೆಕ್ಕ ಬೇರೆ. ಸುನ್ನಿಗಳಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು, ಮಕ್ಕಳಿಲ್ಲದಿದ್ದರೆ ನಾಲ್ಕನೇ ಒಂದು. ತಾಯಿ ತಂದೆಗೂ ಪಾಲು ಇದೆ. ಮಗಳಿಗೆ ಮಗನ ಅರ್ಧ. ಉಯಿಲು ಬರೆದರೂ ಬೇರೆಯವರಿಗೆ ಮೂರನೇ ಒಂದು ಭಾಗದ ತನಕ ಮಾತ್ರ. ಅದಕ್ಕಿಂತ ಜಾಸ್ತಿ ಕೊಡಬೇಕಾದರೆ ಉಳಿದ ವಾರಸುದಾರರು ಒಪ್ಪಬೇಕು.

ಆರ್‌ಟಿಒದವರು ಈ ಲೆಕ್ಕಕ್ಕೆ ಕೈ ಹಾಕುವುದಿಲ್ಲ. ಅವರಿಗೆ ಬೇಕಾಗಿರುವುದು ಎಲ್ಲರ ಒಪ್ಪಿಗೆ ಪತ್ರ. ನಮ್ಮ ಮಾವನ ಆಟೊ ವಿಷಯದಲ್ಲಿ ಮೊದಲು ಮನೆಯಲ್ಲಿ ಕೂತು ಬೆಲೆ ಕಟ್ಟಿದೆವು. ಆಟೊ ಇಟ್ಟುಕೊಂಡ ಮಗ ಉಳಿದವರಿಗೆ ಅವರವರ ಪಾಲಿನ ದುಡ್ಡು ಕೊಟ್ಟ. ಆಮೇಲೆ ಸಹಿ. ಯಾರಿಗೂ ಬೇಜಾರಾಗಲಿಲ್ಲ. ಸಹಿ ಮೊದಲು, ದುಡ್ಡು ಆಮೇಲೆ ಅಂದರೆ ಜಗಳ ಖಂಡಿತ.

ಹಳದಿ ಬೋರ್ಡ್
ಆಟೊ ಅಂದಿರಲ್ಲ, ಪರ್ಮಿಟ್ ಯಾರ ಹೆಸರಿಗೆ ಮಾಡಿಸಿದಿರಿ? ನಾನು ಕ್ರೂಸರ್ ಓಡಿಸುತ್ತೇನೆ, ಯಾದಗಿರಿ ಶಹಾಪುರ ಕಡೆ. ಹಳದಿ ಬೋರ್ಡ್ ಗಾಡಿಗೆ ಆರ್‌ಸಿ ಒಂದೇ ಸಾಲದು. ಪರ್ಮಿಟ್ ಕೂಡ ಸತ್ತವರ ಹೆಸರಿನಲ್ಲಿ ಇರುತ್ತದೆ. ಅದನ್ನು ಮರೆತವರನ್ನು ಬಹಳ ನೋಡಿದ್ದೇನೆ. ಚೆಕ್‌ಪೋಸ್ಟ್‌ನಲ್ಲಿ ಹಿಡಿದಾಗ ಆರ್‌ಸಿ ತೋರಿಸುತ್ತಾರೆ, ಪರ್ಮಿಟ್ ತೋರಿಸು ಅಂದರೆ ಬಾಯಿ ಕಟ್ಟುತ್ತದೆ.

ವಕೀಲರ ಕಟ್ಟೆ
ಒಳ್ಳೆಯ ಮಾತು ತೆಗೆದಿರಿ. ಮೋಟಾರು ವಾಹನ ಕಾಯ್ದೆ 1988ರ 82ನೇ ಕಲಂ ಅದು. ಇಲ್ಲೂ ಅದೇ ಲೆಕ್ಕ. ಪರ್ಮಿಟ್‌ದಾರ ತೀರಿಕೊಂಡ 30 ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಿದರೆ 3 ತಿಂಗಳು ಅದೇ ಪರ್ಮಿಟ್‌ನಲ್ಲಿ ಓಡಿಸಬಹುದು. ಅಷ್ಟರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಒಟ್ಟು ತೂಕ 3000 ಕಿಲೊ ಮೀರದ ಸಣ್ಣ ಸರಕು ಗಾಡಿಗಳಿಗೆ ಪರ್ಮಿಟ್ ಬೇಕಿಲ್ಲ, ಅವರಿಗೆ ಈ ಚಿಂತೆ ಇಲ್ಲ.

ರೋಜಾ ಓಣಿ
ಪರ್ಮಿಟ್ ಕೂಡ ಮಗನ ಹೆಸರಿಗೆ ಆಯಿತು. ಎರಡೂ ಅರ್ಜಿ ಒಂದೇ ದಿನ ಕೊಟ್ಟೆವು.

ಭಾಲ್ಕಿ ಅಕ್ಕ
ನೀವೆಲ್ಲ ಕಾಗದದ ಬಗ್ಗೆ ಬರೆಯುತ್ತಿದ್ದೀರಿ, ಒಳ್ಳೆಯದೇ. ನಾನು ಕೀಲಿಯ ಬಗ್ಗೆ ಬರೆಯುತ್ತೇನೆ.

ನನ್ನ ತಂಗಿಯ ಗಂಡ ತೀರಿಕೊಂಡಾಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಸ್ಕೂಟಿ ಗಂಡನ ಹೆಸರಿನಲ್ಲಿತ್ತು, ಓಡಿಸುತ್ತಿದ್ದದ್ದು ಅವಳೇ. ಹಳ್ಳಿ ಶಾಲೆಗೆ ಪಾಠ ಹೇಳಲು ಅದರಲ್ಲೇ ಹೋಗುತ್ತಿದ್ದಳು. ದಿನಕರ್ಮ ಮುಗಿದ ಮಾರನೇ ದಿನ ಬಾಗಿಲ ಹಿಂದಿನ ಮೊಳೆಯಲ್ಲಿ ಕೀಲಿ ಇರಲಿಲ್ಲ. ಮೈದುನ ಒಯ್ದಿದ್ದ. ಕೇಳಿದರೆ "ಅಣ್ಣನ ಗಾಡಿ, ಮನೆತನದ್ದು" ಅಂದ. ಅವಳು ಬಸ್ಸಿಗೆ ಕಾದು, ಇಳಿದ ಮೇಲೆ ಬಿಸಿಲಲ್ಲಿ ನಡೆದು ಶಾಲೆಗೆ ಹೋದಳು. ಆ ಸ್ಕೂಟಿ ಮನೆ ಮುಂದೆಯೇ ಹಾದುಹೋಗುತ್ತಿತ್ತು. ಸೀಟಿಗೆ ಅವಳೇ ಹೊಲಿದ ಕವರ್ ಇತ್ತು, ದೂರದಿಂದಲೇ ಗುರುತು ಸಿಗುತ್ತಿತ್ತು.

ವಂಶವೃಕ್ಷ ಬಂದ ಮೇಲೆ, ಅತ್ತೆ ಸಹಿ ಹಾಕಿದ ಮೇಲೆ ಅವಳ ಹೆಸರಿಗೆ ಆಯಿತು. ಅತ್ತೆ ಒಳ್ಳೆಯವರು, ತಾವೇ ಬಂದು ಸಹಿ ಮಾಡಿದರು. ಆದರೆ ಅಷ್ಟರವರೆಗೆ ಆ ಹುಡುಗಿ ಪಟ್ಟ ಪಾಡು ಯಾರ ಕಾಗದದಲ್ಲೂ ಇಲ್ಲ. ಗಂಡಸರು ಬದುಕಿರುವಾಗಲೇ ಹೆಂಡತಿ ಓಡಿಸುವ ಗಾಡಿಯನ್ನು ಹೆಂಡತಿಯ ಹೆಸರಿನಲ್ಲೇ ತಗೊಳ್ಳಿ. ಅದಕ್ಕೇನು ಖರ್ಚು?

ಸೇಡಂ ಸಿಮೆಂಟ್
ಅಕ್ಕಾ, ನೋವಾಗುತ್ತದೆ ಓದಿದರೆ. ಆದರೆ ವಕೀಲರು ಈಗ ತಾನೇ ಹೇಳಿದರು, ತಾಯಿಗೂ ಪಾಲಿದೆ ಅಂತ. ಮೈದುನ ತಾಯಿಯ ಪರವಾಗಿ ತಗೊಂಡಿರಬಹುದು ಅಲ್ವಾ?

ಭಾಲ್ಕಿ ಅಕ್ಕ
ಅತ್ತೆಗೆ ಪಾಲಿದೆ, ನಾನು ಒಪ್ಪುತ್ತೇನೆ. ಮೈದುನನಿಗೆ ಎಲ್ಲಿದೆ? ಪಾಲಿದ್ದವರೂ ಕೇಳಿ ತಗೋಬೇಕು, ಮೊಳೆಯಿಂದ ಕೀಲಿ ಎತ್ತಿಕೊಂಡು ಹೋಗುವುದಲ್ಲ.

ವಕೀಲರ ಕಟ್ಟೆ
ಅಕ್ಕ ಹೇಳಿದ್ದು ಸರಿ. ಹೆಂಡತಿ, ಮಕ್ಕಳು, ತಾಯಿ ಇದ್ದಾಗ ತಮ್ಮನಿಗೆ ಏನೂ ಇಲ್ಲ.

ಬೀದರ್ ಕೋಟೆ ಹತ್ತಿರ
ನಮ್ಮ ಗಡಿ ಜಿಲ್ಲೆಯವರ ಕಷ್ಟ ಬೇರೆ. ಅಣ್ಣ ಹೈದರಾಬಾದ್‌ನಲ್ಲಿ ಕೆಲಸ ಮಾಡುತ್ತಿದ್ದ, ಕಾರು ತೆಲಂಗಾಣ ನೋಂದಣಿ. ಅವನು ಹೋದ ಮೇಲೆ ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಬೀದರ್‌ಗೆ ಬಂದರು. ಕಾರೂ ಬಂತು. ಈಗ ಅಲ್ಲಿ ಮಾಡಿಸಬೇಕೋ, ಇಲ್ಲಿ ಮಾಡಿಸಬೇಕೋ?

ಅರ್ಜಿ ಬರೆಯುವವ
ಕಾರು ಇನ್ನು ಮುಂದೆ ಬೀದರ್‌ನಲ್ಲೇ ಇರುತ್ತದೆ ಅಂತಾದರೆ ಮೊದಲು ಅಲ್ಲಿಯ ಆರ್‌ಟಿಒಯಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಆಮೇಲೆ ಇಲ್ಲಿ ಅತ್ತಿಗೆ ಹೆಸರಿಗೆ ವರ್ಗಾವಣೆ, ಕೆಎ 38 ನಂಬರ್, ಕರ್ನಾಟಕದ ತೆರಿಗೆ. ತೆರಿಗೆ ಕಾರಿನ ವಯಸ್ಸು ನೋಡಿ ಹಾಕುತ್ತಾರೆ. ಅಲ್ಲಿ ಕಟ್ಟಿದ್ದ ಜೀವಾವಧಿ ತೆರಿಗೆಯಲ್ಲಿ ಉಳಿದ ಭಾಗವನ್ನು ವಾಪಸ್ ಕೇಳಬಹುದು, ಅದಕ್ಕೆ ಹೊಸ ಆರ್‌ಸಿ ಸಿಕ್ಕ ಮೇಲೆ ಅರ್ಜಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಲೇಬೇಕು.

ಕೆಲವರು ಅಲ್ಲೇ ಮೊದಲು ಹೆಂಡತಿ ಹೆಸರಿಗೆ ಮಾಡಿಸಿ, ಆಮೇಲೆ ಎನ್‌ಒಸಿ ತರುತ್ತಾರೆ. ಅಲ್ಲಿಯ ವಿಳಾಸದ ದಾಖಲೆ ಇನ್ನೂ ಇದ್ದರೆ ಅದೂ ಒಂದು ದಾರಿ.

ಬೀದರ್ ಕೋಟೆ ಹತ್ತಿರ
ಧನ್ಯವಾದ. ಪೋರ್ಟಲ್‌ನಲ್ಲಿ ಪ್ರಯತ್ನ ಮಾಡಿದೆ, ಒಟಿಪಿ ಅಣ್ಣನ ನಂಬರ್‌ಗೆ ಹೋಗುತ್ತಿದೆ. ಆ ಸಿಮ್ ನಿಂತುಹೋಗಿದೆ.

ಪಾಲಿಸಿ ಓದಿ
ಇದನ್ನು ಎಲ್ಲರೂ ಗಮನಿಸಿ. ಮನೆಯವರು ತೀರಿಕೊಂಡ ಕೂಡಲೇ ಸಿಮ್ ಬಿಸಾಡಬೇಡಿ. ಬ್ಯಾಂಕ್, ಫಾಸ್ಟ್ಯಾಗ್, ಗ್ಯಾಸ್, ಆರ್‌ಸಿ ಎಲ್ಲದರ ಸುದ್ದಿಯೂ ಅದೇ ನಂಬರ್‌ಗೆ ಬರುತ್ತದೆ. ಯಾವುದು ಎಲ್ಲೆಲ್ಲಿ ಇತ್ತು ಅಂತ ತಿಳಿಯುವುದೇ ಅದರಿಂದ. ಸಣ್ಣ ರೀಚಾರ್ಜ್ ಹಾಕಿ ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ನಿಲ್ಲಿಸಿ. ಫಾಸ್ಟ್ಯಾಗ್ ಮಾತ್ರ ಮುಚ್ಚಿಸಿ, ಹೊಸ ಮಾಲೀಕರ ಹೆಸರಿನಲ್ಲಿ ಬೇರೆ ತಗೊಳ್ಳಿ.

ಅರ್ಜಿ ಬರೆಯುವವ
ಸಿಮ್ ಹೋಗಿದ್ದರೆ ಕಚೇರಿಗೇ ಹೋಗಿ, ಮರಣ ಪ್ರಮಾಣಪತ್ರ ತೋರಿಸಿ ಮೊಬೈಲ್ ನಂಬರ್ ಬದಲಿಸಲು ಬರೆದುಕೊಡಿ. ಪ್ರಮಾಣಪತ್ರವೇ ಇಲ್ಲದವರೂ ಬರುತ್ತಾರೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ಮೊದಲು ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಆದ ಮೇಲೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮಟ್ಟದಲ್ಲಿ ಆದೇಶ ಪಡೆಯಬಹುದು.

ಕೃಷ್ಣೆಯ ದಂಡೆ
ಗಾಡಿ ಮಾತು ಆಯಿತು. ದೋಣಿ ಬಗ್ಗೆ ಯಾರಾದರೂ ಹೇಳುತ್ತೀರಾ? ನಾವು ನಾರಾಯಣಪುರ ಡ್ಯಾಮಿನ ಕೆಳಗಿನವರು. ದೊಡ್ಡಪ್ಪ ಮೀನು ಹಿಡಿಯುತ್ತಿದ್ದರು, ಮಳೆಗಾಲದಲ್ಲಿ ಜನರನ್ನೂ ದಾಟಿಸುತ್ತಿದ್ದರು. ಅವರು ಬಿಟ್ಟು ಹೋದದ್ದು ಒಂದು ಹರಿಗೋಲು, ಒಂದು ಇಂಜಿನ್ ಕೂರಿಸಿದ ಫೈಬರ್ ದೋಣಿ, ಬಲೆಗಳು. ಹರಿಗೋಲಿಗೆ ಯಾವ ಕಾಗದವೂ ಇಲ್ಲ. ಬಿದಿರು ಸೀಳಿ ಹೆಣೆದು, ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಡಾಂಬರು ಬಳಿದದ್ದು. ಅಂಚಿನ ಬಿದಿರಿನ ಮೇಲೆ ಅವರು ಕೂರುತ್ತಿದ್ದ ಜಾಗ ನುಣುಪಾಗಿ ಹೊಳೆಯುತ್ತದೆ. ಈಗ ಅವರ ಇಬ್ಬರು ಮಕ್ಕಳಿಗೂ ಫೈಬರ್ ದೋಣಿ ಬೇಕು, ಹರಿಗೋಲು ಯಾರಿಗೂ ಬೇಡ.

ವಕೀಲರ ಕಟ್ಟೆ
ದೋಣಿ ಕೂಡ ಚರ ಆಸ್ತಿಯೇ, ಟ್ರ್ಯಾಕ್ಟರ್ ಇದ್ದ ಹಾಗೆ. ವಾರಸುದಾರರಿಗೆಲ್ಲ ಪಾಲು. ಆದರೆ ಇದಕ್ಕೂ ಆರ್‌ಟಿಒಗೂ ಸಂಬಂಧ ಇಲ್ಲ. 1917ರ ಹಳೇ ಕಾಯ್ದೆ ತೆಗೆದು 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಇಂಜಿನ್ ಇರುವ ದೋಣಿಗೆ ನೋಂದಣಿ ಬೇಕು ಅನ್ನುತ್ತದೆ. ಇಂಜಿನ್ ಇಲ್ಲದ್ದನ್ನು ಸ್ಥಳೀಯ ಆಡಳಿತದಲ್ಲಿ ದಾಖಲು ಮಾಡುವ ವ್ಯವಸ್ಥೆಯೂ ಅದರಲ್ಲಿದೆ. ನದಿ ದಂಡೆಯ ಬಹಳ ಜನಕ್ಕೆ ಇದು ಗೊತ್ತಿಲ್ಲ. ದೊಡ್ಡಪ್ಪ ನೋಂದಣಿ ಮಾಡಿಸಿದ್ದರಾ ಅಂತ ಹುಡುಕಿ. ಮಾಡಿಸಿದ್ದರೆ ಹೆಸರು ಬದಲಿಸಬೇಕು. ಇಲ್ಲದಿದ್ದರೆ ಇಂಜಿನ್ ತಗೊಂಡ ಬಿಲ್, ದೋಣಿ ತಗೊಂಡ ರಸೀದಿ ಹುಡುಕಿಟ್ಟುಕೊಳ್ಳಿ. ಜಗಳ ಬಂದರೆ ಅದೇ ಸಾಕ್ಷಿ.

ಕಾರಂಜಾ ಮೀನು
ನಾನು ಬೀದರ್ ಕಡೆ ಮೀನುಗಾರರ ಸಹಕಾರ ಸಂಘದಲ್ಲಿ ಇದ್ದೇನೆ. ದೋಣಿ ಬಂತು ಅಂದರೆ ಮೀನು ಹಿಡಿಯುವ ಹಕ್ಕೂ ಬಂತು ಅಂತ ತಿಳಿಯಬೇಡಿ. ಲೈಸೆನ್ಸ್ ಆ ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ, ಕೆರೆ ಗುತ್ತಿಗೆ ಸಂಘದ ಹೆಸರಿನಲ್ಲಿ. ಮಗ ಸಂಘದ ಸದಸ್ಯ ಆಗಬೇಕು, ಲೈಸೆನ್ಸ್ ಬೇರೆ ತಗೋಬೇಕು. ದೊಡ್ಡಪ್ಪ ಸದಸ್ಯರಾಗಿದ್ದರೆ ಅವರ ಷೇರು ಹಣ ಸಂಘದಲ್ಲಿ ಇರುತ್ತದೆ. ಅದನ್ನು ಕೇಳಿದಿರಾ?

ಅವರು ನೀರಿನಲ್ಲಿ ತೀರಿಕೊಂಡರಾ? ಹಾಗಿದ್ದರೆ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆ ಇದೆ, 5 ಲಕ್ಷ. ಹೆಸರು ನೋಂದಾಯಿಸಿದ್ದರೆ ಮನೆಯವರಿಗೆ ಸಿಗುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ.

ಕೃಷ್ಣೆಯ ದಂಡೆ
ಇಲ್ಲ, ವಯಸ್ಸಾಗಿ ಹೋದರು. ಷೇರು ಹಣದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಕೇಳುತ್ತೇನೆ.

ಸುರಪುರದವ
ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನ ಗಡ್ಡಿ ಕಡೆಯವರಿಗೆ ಕೇಳಿ, ಹೊಳೆ ಬಂದಾಗ ಹರಿಗೋಲಿನ ಬೆಲೆ ಅವರಿಗೆ ಗೊತ್ತು. ಅದನ್ನು ಬಿಸಾಡಬೇಡಿ.

ಎಜ್ಡಿ ಮನೆ
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಜ್ಜನ ಎಜ್ಡಿ ಬೈಕ್ ಅಂಗಳದಲ್ಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಜ್ಜನೂ ಇಲ್ಲ, ಆರ್‌ಸಿ ಅವಧಿ ಯಾವಾಗಲೋ ಮುಗಿದಿದೆ. ಮಾರುವ ಮನಸ್ಸು ಯಾರಿಗೂ ಇಲ್ಲ. ನನ್ನ ಹೆಸರಿಗೆ ಆಗುತ್ತದಾ?

ಅರ್ಜಿ ಬರೆಯುವವ
ಆಗುತ್ತದೆ, ಸ್ವಲ್ಪ ಓಡಾಟ ಜಾಸ್ತಿ. ಸ್ವಂತ ಬಳಕೆಯ ಗಾಡಿಗೆ ಆರ್‌ಸಿ 15 ವರ್ಷ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಣ. ಗಾಡಿ ಓಡುವ ಸ್ಥಿತಿಯಲ್ಲಿ ಇರಬೇಕು. ಅಜ್ಜನ ಎಲ್ಲ ಮಕ್ಕಳ ಒಪ್ಪಿಗೆ ಬೇಕು, ಅಪ್ಪನದು ಒಂದೇ ಸಾಲದು. ಹಳೇ ಆರ್‌ಸಿ ಪುಸ್ತಕದ ದಾಖಲೆ ಕಂಪ್ಯೂಟರ್‌ಗೆ ಏರಿದೆಯಾ ಅಂತ ಮೊದಲು ನೋಡಿ.

ಗುಜರಿಗೆ ಹಾಕುವವರಿಗೂ ಒಂದು ಮಾತು. ಗಾಡಿ ಹೋದರೂ ಆರ್‌ಸಿ ಬದುಕಿರುತ್ತದೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ತಗೊಳ್ಳಿ, ಆರ್‌ಸಿ ರದ್ದು ಮಾಡಿಸಿ.

ಎಜ್ಡಿ ಮನೆ
ಓಡುತ್ತದೆ, ಒಂದೇ ಕಿಕ್‌ಗೆ. ಬಹಳ ಸಂತೋಷ ಆಯಿತು.

ಸೇಡಂ ಸಿಮೆಂಟ್
ಮೂಲ ಪ್ರಶ್ನೆಗೆ ಬನ್ನಿ. ಟ್ರ್ಯಾಕ್ಟರ್ ಸಾಲದ ಬಗ್ಗೆ ಯಾರೂ ಹೇಳಲಿಲ್ಲ.

ಪಾಲಿಸಿ ಓದಿ
ಹೌದು. ಸಾಲ ಇರುವ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರು ಇರುತ್ತದೆ. ಫಾರ್ಮ್ 31ರಲ್ಲೇ ಅವರ ಒಪ್ಪಿಗೆಗೆ ಜಾಗ ಇದೆ, ಅವರ ಸಹಿ ಸೀಲು ಬೇಕು. ಸಾಲ ತೀರಿಸಿಬಿಟ್ಟರೆ ಫಾರ್ಮ್ 35, ಎನ್‌ಒಸಿ ತಗೊಂಡು ಅವರ ಹೆಸರು ತೆಗೆಸಬಹುದು.

ಅವರ ಹತ್ತಿರ ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. "ಈ ಸಾಲಕ್ಕೆ ಜೀವ ವಿಮೆ ಮಾಡಿಸಿದ್ದರಾ?" ಸಾಲ ಕೊಡುವಾಗ ಕಂತಿನಲ್ಲೇ ಸೇರಿಸಿ ವಿಮೆ ಮಾಡಿಸುವುದುಂಟು, ರೈತರಿಗೆ ಗೊತ್ತೇ ಇರುವುದಿಲ್ಲ. ಇದ್ದರೆ ಉಳಿದ ಸಾಲ ವಿಮೆಯಿಂದ ತೀರುತ್ತದೆ. ಸಾಲದ ಒಪ್ಪಂದದ ಪ್ರತಿ, ಪೂರ್ತಿ ಲೆಕ್ಕದ ಹಾಳೆ ಎರಡೂ ಲಿಖಿತವಾಗಿ ಕೇಳಿ. ಅದು ಕೈಗೆ ಬರುವ ತನಕ ಹೊಸ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ಕಂತು ಮಾತ್ರ ತಪ್ಪಿಸಬೇಡಿ, ಗಾಡಿ ಎತ್ತಿಕೊಂಡು ಹೋಗಲು ನೆಪ ಕೊಟ್ಟಂತಾಗುತ್ತದೆ.

ಶಹಾಬಾದ್ ಫರಸಿ
ಇದು ನನಗೂ ಹೊಸದು. ನಮ್ಮ ಭಾವನ ಸಾಲದ ಕಾಗದ ಇವತ್ತೇ ತೆಗೆದು ನೋಡುತ್ತೇನೆ.

ವಕೀಲರ ಕಟ್ಟೆ
ಜೇವರ್ಗಿಯವರೇ, ಬೈಕ್ ಮಾರುವುದಾದರೂ ಮೊದಲು ನಿಮ್ಮ ಅಥವಾ ಅಮ್ಮನ ಹೆಸರಿಗೆ ಮಾಡಿಸಿ, ಆಮೇಲೆ ಮಾರಿ. ಮಾರಿದ ಮೇಲೆ ಕೊಂಡವರ ಹೆಸರಿಗೆ ಆರ್‌ಸಿ ಆಗಿದೆಯಾ ನೋಡಿಕೊಳ್ಳಿ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರ ಆರ್‌ಸಿಯಲ್ಲಿ ಹೆಸರಿದ್ದವನ ಮೇಲೇ ಬಿತ್ತು. ಆ ಏಜೆಂಟ್ ಹೇಳಿದ ದಾರಿ ಹಿಡಿದರೆ ನೋಟಿಸು ನಿಮ್ಮ ಅಮ್ಮನ ಕೈಗೆ ಬರುತ್ತದೆ.

ಜೇವರ್ಗಿ ಹುಡುಗ
ಪತ್ರ ಕೊಟ್ಟು ಬಂದೆ, ಸೀಲು ಹಾಕಿದ ಪ್ರತಿ ಕೈಯಲ್ಲಿದೆ. ಅಕ್ಕನ ಜೊತೆ ಮಾತಾಡಿದೆ, ಅಫಿಡವಿಟ್ ಕಳಿಸುತ್ತಾಳೆ. ಟ್ರ್ಯಾಕ್ಟರ್ ನನ್ನ ಹೆಸರಿಗೆ, ಬೈಕ್ ಅಮ್ಮನ ಹೆಸರಿಗೆ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ. ಅಜ್ಜಿಯನ್ನು ಕೇಳಿದಾಗ "ನನಗೂ ಕೇಳ್ತೀರಾ" ಅಂತ ಅತ್ತರು. ಫೈನಾನ್ಸ್‌ನವರಿಗೆ ವಿಮೆ ಬಗ್ಗೆ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಟ್ರೈಲರ್‌ನ ಚಾಸಿ ನಂಬರ್ ಮೇಲೆ ಪೇಂಟ್ ಬಳಿದುಬಿಟ್ಟಿದ್ದಾರೆ, ಓದಲು ಬರುತ್ತಿಲ್ಲ. ಏನು ಮಾಡಲಿ?

ಅರ್ಜಿ ಬರೆಯುವವ
ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಉಜ್ಜು ಕಾಗದ ಹಾಕಬೇಡಿ, ಅಂಕಿ ಸವೆದರೆ ತಿದ್ದಿದ ಹಾಗೆ ಕಾಣುತ್ತದೆ, ಇನ್ಸ್‌ಪೆಕ್ಟರ್ ಒಪ್ಪುವುದಿಲ್ಲ. ಅಂಕಿ ಕಂಡ ಮೇಲೆ ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಟ್ರೈಲರ್‌ಗೆ ಬೇರೆ ಆರ್‌ಸಿ ಇದೆ, ಆದ್ದರಿಂದ ಬೇರೆ ಫಾರ್ಮ್ 31, ಬೇರೆ ಶುಲ್ಕ. ಬೈಕಿನ ಹೊಗೆ ತಪಾಸಣೆ ಚಾಲ್ತಿ ಇದೆಯಾ?

ಜೇವರ್ಗಿ ಹುಡುಗ
ಮುಗಿದಿದೆ.

ಅರ್ಜಿ ಬರೆಯುವವ
ಹಾಗಾದರೆ ನಾಳೆ ಮೊದಲು ಅದನ್ನು ಮಾಡಿಸಿ, ಆಮೇಲೆ ಅಮ್ಮನನ್ನು ಕರೆದುಕೊಂಡು ಬನ್ನಿ.